ರಾತ್ರಿ ಗಾಡಿಯಲ್ಲಿ ನಿಮ್ಮ ಬರ್ತು ಯಾವುದು?



ಬೆಂಗಳೂರಿನ ದವಾಖಾನಿ, ಮಗಳ ಬಾಣಂತನ, ಮಗನ ಕಾಲೇಜು... ಏನಾದರೊಂದು ನೆವಕ್ಕೆ ನಮಗೆ ರಾತ್ರಿ ಪ್ರಯಾಣ ತಪ್ಪಿದ್ದಲ್ಲ. ಮೊದಲೆಲ್ಲ ನಾವು ಕಾರಟಗಿಯವರು ಬಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯಬೇಕಿತ್ತು. ಆಮೇಲೆ ನಮ್ಮೂರಿಗೇ ಹಳಿ ಬಂತು, 2024ರಲ್ಲಿ ಅದು ಸಿಂಧನೂರನ್ನೂ ಮುಟ್ಟಿತು. ಈಗ ಯಶವಂತಪುರದ ರಾತ್ರಿ ಗಾಡಿ ನಮ್ಮೂರಲ್ಲೇ ಸಿಗುತ್ತದೆ.

ಗಾಡಿ ಬಂತು ಖರೆ. ಆದರೆ ಮಲಗುವ ಜಾಗ ಆರಿಸುವುದನ್ನು ನಾವಿನ್ನೂ ಗಂಡಸರಿಗೆ, ಏಜೆಂಟರಿಗೆ ಬಿಟ್ಟಿದ್ದೇವೆ. ಅವರು "ಸೀಟು ಆಗ್ಯಾವ" ಅಂದರೆ ಸಾಕು, ನಾವು ಬುತ್ತಿ ಕಟ್ಟಲು ಶುರು! ಯಾವ ಬರ್ತು ಅಂತ ಕೇಳಿದವರು ಎಷ್ಟು ಮಂದಿ ಹೇಳ್ರಿ? ಮೊಣಕಾಲು ನೋವಿನ ಅತ್ತೆಗೆ ಮೇಲಿನ ಬರ್ತು, ಏಳು ತಿಂಗಳ ಬಸುರಿಗೆ ನಡುವಿನ ಬರ್ತು ಬಂದರೆ, ಕೂತೇ ಬೆಳಗು ಮಾಡಬೇಕಾದವರು ಅವರೇ ಅಲ್ಲವೇ?

ಮೊದಲು ಲೆಕ್ಕ ಕಲಿಯೋಣ. ಸ್ಲೀಪರ್ ಡಬ್ಬಿಯಲ್ಲಿ ಎಂಟೆಂಟು ಬರ್ತಿಗೆ ಒಂದು ಖಾನೆ. ನಿಮ್ಮ ನಂಬರನ್ನು 8ರಿಂದ ಭಾಗಿಸಿರಿ. ಶೇಷ 1 ಅಥವಾ 4 ಬಂದರೆ ಕೆಳಗಿನದು, 2 ಅಥವಾ 5 ಬಂದರೆ ನಡುವಿನದು, 3 ಅಥವಾ 6 ಬಂದರೆ ಮೇಲಿನದು. 7 ಉಳಿದರೆ ಪಕ್ಕದ ಕೆಳಗಿನದು, ಏನೂ ಉಳಿಯದಿದ್ದರೆ ಪಕ್ಕದ ಮೇಲಿನದು. ಉದಾಹರಣೆಗೆ 44 ಕೆಳಗಿನದು, 43 ಮೇಲಿನದು. ಇಷ್ಟು ಗೊತ್ತಿದ್ದರೆ ಟಿಕೇಟು ಕೈಗೆ ಬಂದ ಕೂಡಲೇ ಯಾರು ಎಲ್ಲಿ ಮಲಗಬೇಕೆಂದು ಮನೆಯಲ್ಲೇ ತೀರ್ಮಾನಿಸಬಹುದು. ಡಬ್ಬಿಯ ಎರಡೂ ತುದಿಗೆ ಪಾಯಖಾನೆ ಇರುತ್ತದೆ. 1ರಿಂದ 8 ಅಲ್ಲಿಯೇ ಬರುತ್ತವೆ, ಕೊನೆಯ ಎಂಟೂ ಹಾಗೇ. ಬಾಗಿಲ ಸಪ್ಪಳ, ನಾತ ಬೇಡವೆನ್ನುವವರಿಗೆ ನಡುವಿನ ನಂಬರುಗಳೇ ವಾಸಿ.

ಇನ್ನು ಮುಖ್ಯ ಮಾತು. ಹೆಂಗಸರು ವಯಸ್ಸು ಮುಚ್ಚಿಡುತ್ತಾರೆ ಅಂತ ನಗಾಡುತ್ತಾರಲ್ಲ, ರೈಲಿನಲ್ಲಿ ಮಾತ್ರ ಮುಚ್ಚಿಡಬೇಡ್ರಿ! ಗಂಡಸರಿಗೆ 60 ತುಂಬಿದ ಮೇಲೆ ಸಿಗುವ ಕೆಳಗಿನ ಬರ್ತಿನ ಕೋಟಾ ನಮಗೆ 45ಕ್ಕೇ ಸಿಗುತ್ತದೆ. ಬಸುರಿಯರಿಗೂ ಉಂಟು, ಡಾಕ್ಟರ ಚೀಟಿ ಜೊತೆಗಿರಲಿ. ನನಗೀಗ 46. ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ! ಇದು ಜಾಗದ ಅನುಕೂಲ ಮಾತ್ರ. ಹಿರಿಯರಿಗಿದ್ದ ದರದ ರಿಯಾಯಿತಿ 2020ರ ಮಾರ್ಚಿನಲ್ಲೇ ನಿಂತುಹೋಯಿತು.

ಇಲ್ಲೊಂದು ಸೂಕ್ಷ್ಮ ಉಂಟು. ಈ ಕೋಟಾ ಒಬ್ಬರ ಅಥವಾ ಇಬ್ಬರ ಟಿಕೇಟಿಗೆ. ಮನೆಮಂದಿ ಆರು ಜನರನ್ನು ಒಂದೇ ಅರ್ಜಿಯಲ್ಲಿ ತುಂಬಿದರೆ ಅತ್ತೆಯ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ. ಅತ್ತೆ ಮತ್ತು 45 ದಾಟಿದ ಸೊಸೆ, ಇಬ್ಬರದೇ ಬೇರೆ ಟಿಕೇಟು ಮಾಡಿಸಿರಿ. ಒಂಟಿಯಾಗಿ ಹೊರಟ ಹೆಣ್ಣುಮಕ್ಕಳಿಗೆ ದೂರದ ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರಿನಲ್ಲಿ ವಯಸ್ಸಿನ ಮಾತಿಲ್ಲದೆ ಆರು ಬರ್ತುಗಳ ಮಹಿಳಾ ಕೋಟಾ ಇದೆ. ಅದನ್ನೂ ಬಾಯಿಬಿಟ್ಟು ಕೇಳಬೇಕು. 2024ರ ನವೆಂಬರದಿಂದ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಹಬ್ಬದ ದಿನಗಳಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿರಿ.

ಯಾರಿಗೆ ಯಾವುದು? ವಯಸ್ಸಾದವರಿಗೆ, ಬಸುರಿಗೆ, ಕೂಸಿನ ತಾಯಿಗೆ ಕೆಳಗಿನದು. ಹರೆಯದ ಹುಡುಗಿಯರಿಗೆ ಮೇಲಿನದು ಒಳ್ಳೆಯದು. ದಾಟಾಡುವವರ ಕೈ ತಾಗುವುದಿಲ್ಲ, ಚೀಲವೂ ತಲೆದೆಸೆಯಲ್ಲೇ ಇರುತ್ತದೆ. ಪಕ್ಕದ ಬರ್ತು ಉದ್ದದಲ್ಲಿ ಗಿಡ್ಡ, ಎತ್ತರದ ಮಗನಿಗೆ ಕಾಲು ಚಾಚಲಾಗದು. ಟಿಕೇಟಿನ ಮೇಲೆ ಆರ್.ಎ.ಸಿ. ಎಂದಿದ್ದರೆ ಪಕ್ಕದ ಕೆಳಬರ್ತಿನಲ್ಲಿ ಇಬ್ಬರು ಕೂರಬೇಕೆಂದು ಅರ್ಥ. ಐದು ತುಂಬಿದ ಮಗುವಿಗೆ ಪ್ರತ್ಯೇಕ ಬರ್ತು ಬೇಕಾದರೆ ಪೂರ್ತಿ ದರ, ನಿಮ್ಮ ಮಗ್ಗುಲಲ್ಲೇ ಮಲಗಿಸುವುದಾದರೆ ಅರ್ಧ.

ಇಷ್ಟಾದರೂ ಮೇಲಿನದೇ ಬಂದರೆ? ಗಾಡಿ ಹೊರಟ ಮೇಲೆ ಟಿ.ಟಿ.ಇ. ಬಂದಾಗ ಅಳುಕಬೇಡಿರಿ. ಕೆಳಗಿನದು ಖಾಲಿ ಉಳಿದಿದ್ದರೆ ಹಿರಿಯರಿಗೆ, ಬಸುರಿಗೆ ಕೊಡುವ ಅಧಿಕಾರ ಅವರಿಗಿದೆ. ಎದುರಿನ ಹುಡುಗನಿಗೆ "ತಮ್ಮಾ, ಅವ್ವಗ ಮ್ಯಾಲೆ ಹತ್ತಾಕ ಆಗೂದಿಲ್ಲಪ್ಪಾ" ಎಂದು ಹೇಳಿನೋಡಿರಿ, ಬಹಳ ಮಂದಿ ಎದ್ದು ಕೊಡುತ್ತಾರೆ. ತೊಂದರೆ ಕೊಡುವವರಿದ್ದರೆ 139ಕ್ಕೆ ಫೋನು ಮಾಡಿರಿ.

ನಡುವಿನ ಬರ್ತು ಎತ್ತುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6. ಅದಕ್ಕೆ ಮೊದಲೇ ಊಟ ಮುಗಿಸಿಬಿಡಿರಿ, ಆಮೇಲೆ ತಲೆ ಎತ್ತಿ ಕೂರಲಾಗದು. ಖಟಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಸಾಕು. ಸಾರಿನ ಡಬ್ಬಿ ಬೇಡ, ಚೆಲ್ಲಿದರೆ ಕೆಳಗೆ ಮಲಗಿದವರ ಪಾಡು ಯಾರಿಗೆ ಬೇಕು? ಸ್ಲೀಪರಿನಲ್ಲಿ ಹಾಸಿಗೆ ಕೊಡುವುದಿಲ್ಲ. ಒಂದು ಕೌದಿ, ಒಂದು ಚಾದರ ಇರಲಿ.

ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಉಳಿದ ಮೂಲೆಯಲ್ಲಿ ಮಲಗಿ ರೂಢಿಯಾದವರು ನಾವು. ಗಾಡಿಯಲ್ಲಾದರೂ ಹಾಗಾಗುವುದು ಬೇಡ. ಈ ಸಲ ಟಿಕೇಟು ಮಾಡಿಸುವವರಿಗೆ ನಿಮ್ಮ ವಯಸ್ಸು, ನಿಮ್ಮ ಮೊಣಕಾಲಿನ ನೋವು, ನಿಮಗೆ ಬೇಕಾದ ಬರ್ತು, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡ್ರಿ. ದುಡ್ಡು ಅಷ್ಟೇ, ನಿದ್ದೆ ಮಾತ್ರ ಬೇರೆ.