ಒಂದೇ ಬುಟ್ಟಿಯ ಬೆಕ್ಕುಗಳು ಮುನಿದಾಗ

ಒಂದೇ ತಾಯಿಯ ಮರಿಗಳು ಅವು. ಒಂದು ಕರಿಯದು, ಇನ್ನೊಂದು ಪಟ್ಟೆಯದು. ಮೂರು ವರ್ಷಗಳಿಂದ ಒಂದೇ ಬಿದಿರು ಬುಟ್ಟಿಯಲ್ಲಿ ಒಂದರ ಮೇಲೊಂದು ತಲೆಯಿಟ್ಟು ಮಲಗುತ್ತಿದ್ದವು. ದೀಪಾವಳಿಯ ರಾತ್ರಿ ಪಕ್ಕದ ಓಣಿಯಲ್ಲಿ ಯಾರೋ ಆಟಂಬಾಂಬು ಸಿಡಿಸಿದರು. ಕಿಟಕಿಯ ಗಾಜು ಅದುರಿತು. ಮರುಕ್ಷಣವೇ ಕರಿಯದು ಪಕ್ಕದಲ್ಲಿದ್ದ ಪಟ್ಟೆಯದರ ಮೇಲೆರಗಿತು. ಬಿಡಿಸಲು ಹೋದ ಮನೆಯಾಕೆಯ ಮುಂಗೈಗೆ ನಾಲ್ಕು ಗೀರು ಬಿದ್ದವು. ಪಟಾಕಿ ಮುಗಿದರೂ ಜಗಳ ಮುಗಿಯಲಿಲ್ಲ. ಎದುರಾದೊಡನೆ ಗುರುಗುಟ್ಟುವುದು, ಅಟ್ಟಿಸಿಕೊಂಡು ಹೋಗುವುದು. ಮೂರನೆಯ ದಿನ ಯಜಮಾನರು ಗೋಣಿಚೀಲ ಹುಡುಕತೊಡಗಿದರು. ಕರಿಯದನ್ನು ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟುಬರುವ ಯೋಚನೆ ಅವರದು.

ಹಾಗೆ ಬಿಟ್ಟುಬಂದ ಸಾಕುಬೆಕ್ಕು ಬೀದಿಯಲ್ಲಿ ಬದುಕಿ ಉಳಿಯುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಅದು ತಪ್ಪನ್ನೇ ಮಾಡಿಲ್ಲ.

'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ' ಎಂಬ ಗಾದೆ ನಮ್ಮಲ್ಲಿದೆ. ಕೊತ್ತಿಗೂ ಅಂಥದೇ ಕೋಪ ಬರುತ್ತದೆ. ಹೆದರಿದ ಬೆಕ್ಕಿನ ದೇಹದಲ್ಲಿ ಅಡ್ರಿನಾಲಿನ್ ಉಕ್ಕುತ್ತದೆ. ಓಡಬೇಕು, ಇಲ್ಲವೇ ಹೊಡೆದಾಡಬೇಕು. ಬಾಂಬಿನೊಡನೆ ಹೊಡೆದಾಡುವುದು ಹೇಗೆ? ಪಕ್ಕದಲ್ಲಿದ್ದ ಒಡಹುಟ್ಟು ಸಿಕ್ಕಿಬೀಳುತ್ತದೆ. ಬಾರ್ಸಿಲೋನಾದ ಪಶುವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಥ ದಿಕ್ಕುತಪ್ಪಿದ ಕೋಪಕ್ಕೆ ಮುಖ್ಯವಾಗಿ ಕಂಡ ಕಾರಣಗಳು ಎರಡು: ದೊಡ್ಡ ಸದ್ದು, ಮತ್ತು ಬೇರೆ ಬೆಕ್ಕುಗಳೊಡನೆ ಮುಖಾಮುಖಿ. ಕಾಂಪೌಂಡಿನ ಮೇಲೆ ಕುಳಿತ ಹೊರಗಿನ ಗಂಡುಬೆಕ್ಕನ್ನು ಕಿಟಕಿಯಿಂದ ಕಂಡರೂ ಸಾಕು, ಒಳಗಿನ ಎರಡರ ನಡುವೆ ಯುದ್ಧ ಶುರುವಾದೀತು. ಒಂದನ್ನು ಆಸ್ಪತ್ರೆಗೆ ಒಯ್ದು ತಂದಾಗಲೂ ಜಗಳ ಹುಟ್ಟುವುದುಂಟು. ಅಲ್ಲಿ ಕಾರಣ ವಾಸನೆ.

ಬೆಕ್ಕಿಗೆ ನಂಟಸ್ತನವೆಂದರೆ ವಾಸನೆಯೇ. ಕೆನ್ನೆ, ಗಲ್ಲ, ಹಣೆ, ಬಾಲದ ಬುಡಗಳಲ್ಲಿ ವಾಸನೆ ಸೂಸುವ ಗ್ರಂಥಿಗಳಿವೆ. ಜೊತೆಗಿರುವ ಬೆಕ್ಕುಗಳು ಪರಸ್ಪರ ಮೈ ತಿಕ್ಕಿ, ನೆಕ್ಕಿ, ಎಲ್ಲವಕ್ಕೂ ಒಂದೇ ವಾಸನೆ ಬರುವಂತೆ ಮಾಡಿಕೊಂಡಿರುತ್ತವೆ. ಜಗಳದ ನಂತರ ಆ ವಾಸನೆಗೆ, ಆ ಮುಖಕ್ಕೆ ಭಯದ ನೆನಪು ಅಂಟಿಕೊಳ್ಳುತ್ತದೆ. ಕರಿಯದರ ಪಾಲಿಗೆ ಪಟ್ಟೆಯದೇ ಬಾಂಬು!

ತಾವಾಗಿ ರಾಜಿಯಾಗಲಾರವೇ? ಚಿಂಪಾಂಜಿಗಳಾದರೆ ಆಗುತ್ತವೆ. ಹೊಡೆದಾಡಿದ ಮೇಲೆ ಅವು ಅಪ್ಪಿ ಮುತ್ತಿಡುವುದನ್ನು ಹಾಲೆಂಡಿನ ಆರ್ನ್‌ಹೆಮ್ ಮೃಗಾಲಯದಲ್ಲಿ ಗಮನಿಸಿ ಫ್ರಾನ್ಸ್ ಡಿ ವಾಲ್ ಮತ್ತು ಸಂಗಡಿಗರು 1979ರಲ್ಲಿ ಬರೆದರು. ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಒಂಟಿ ಬೇಟೆಗಾರ. ಒಂಟಿ ಪ್ರಾಣಿಗೆ ರಾಜಿಯ ರೀತಿ ರಿವಾಜು ಏಕೆ? ಜಗಳವಾಯಿತೇ, ದೂರ ಹೋದರಾಯಿತು. ಆದರೆ 30x40 ನಿವೇಶನದ ಮನೆಯಲ್ಲಿ ದೂರ ಎಲ್ಲಿದೆ? ಆದ್ದರಿಂದ ಆ ದೂರವನ್ನು ನಾವೇ ಒದಗಿಸಬೇಕು.

ಮೊದಲಿಗೆ ಬೇರೆ ಬೇರೆ ಕೋಣೆ. ಕೈಯಿಂದ ಎತ್ತಬಾರದು, ದಪ್ಪ ಕಂಬಳಿ ಹೊದಿಸಿ ಎತ್ತಬೇಕು. (ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ರೇಬಿಸ್ ವಿಷಯದಲ್ಲಿ ಸಂಕೋಚ ಸಲ್ಲದು.) ಊಟ, ನೀರು, ಮರಳಿನ ತಟ್ಟೆ ಎಲ್ಲವೂ ಪ್ರತ್ಯೇಕ. ಕೋಪ ಇಳಿಯಲು ಕೆಲವು ಗಂಟೆ ಸಾಕಾಗಬಹುದು, ಕೆಲವು ದಿನಗಳೂ ಬೇಕಾಗಬಹುದು. ಹಲ್ಲುನೋವೋ ಕೀಲುನೋವೋ ಇದ್ದರೂ ಬೆಕ್ಕು ಹೀಗೆಯೇ ಸಿಡುಕುತ್ತದೆ. ಪಶುವೈದ್ಯರಿಗೊಮ್ಮೆ ತೋರಿಸುವುದು ಮೇಲು.

ಆಮೇಲೆ ಪರಿಚಯ, ಹೊಸ ಬೆಕ್ಕು ತಂದಾಗ ಮಾಡುವಂತೆಯೇ. ಮೂಗು ಮೊದಲು, ಕಣ್ಣು ಕೊನೆಗೆ. ಹಳೆಯ ಪಂಚೆಯ ತುಂಡಿನಿಂದ ಒಂದರ ಕೆನ್ನೆ ಒರೆಸಿ ಇನ್ನೊಂದರ ಊಟದ ತಟ್ಟೆಯ ಹತ್ತಿರ ಇಡಬೇಕು. ಬಟ್ಟೆಗೇ 'ಹುಸ್' ಎಂದರೆ ಇನ್ನೂ ಕಾಲ ಬಂದಿಲ್ಲವೆಂದು ತಿಳಿಯಬೇಕು. ಮೂಸಿ ಸುಮ್ಮನಾದರೆ ಕೋಣೆ ಅದಲುಬದಲು ಮಾಡಿ, ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟವಿಟ್ಟು, ದಿನಕ್ಕಿಷ್ಟಿಷ್ಟು ತಟ್ಟೆಗಳನ್ನು ಹತ್ತಿರ ತರಬೇಕು. ಆಚೆಯ ವಾಸನೆ ಬಂದಾಗೆಲ್ಲ ಒಣಮೀನು ಸಿಕ್ಕುತ್ತದೆ ಎಂಬ ಹೊಸ ಪಾಠ ಹಳೆಯ ಭಯವನ್ನು ಅಳಿಸತೊಡಗುತ್ತದೆ. ಎದುರುಬದುರು ಬಿಡುವುದು ಕೊನೆಗೆ, ಅದೂ ನಾಲ್ಕೈದು ನಿಮಿಷ. ಕಿವಿ ಹಿಂದಕ್ಕೆ ಒರಗಿದರೆ, ಎವೆಯಿಕ್ಕದೆ ದಿಟ್ಟಿಸಿದರೆ, ಬಾಲ ಬಡಿದರೆ, ನಡುವೆ ರಟ್ಟು ಅಡ್ಡಹಿಡಿದು ಅಲ್ಲಿಗೇ ನಿಲ್ಲಿಸಬೇಕು. ಗದರಬಾರದು. ಗದರಿದರೆ ಭಯಕ್ಕೆ ಮತ್ತೊಂದು ಕಾರಣ ಸೇರಿದಂತಾಯಿತು.

ಬಹುಪಾಲು ಮನೆಗಳಲ್ಲಿ ಕೆಡುವುದು ಅವಸರದಿಂದಲೇ. 'ಒಂದೇ ಸಲ ಬಿಟ್ಟುಬಿಡೋಣ, ತಾವೇ ಸರಿಹೋಗುತ್ತವೆ' ಎನ್ನುವ ಹಿರಿಯರೊಬ್ಬರು ಎಲ್ಲ ಮನೆಗಳಲ್ಲೂ ಇರುತ್ತಾರೆ! ಇನ್ನೊಂದು ಕಾದಾಟವಾದರೆ ಎಲ್ಲವೂ ಮೊದಲಿನಿಂದ. ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳು. ಎಷ್ಟು ಮಾಡಿದರೂ ಒಂದಾಗದ ಜೋಡಿಗಳೂ ಉಂಟು. ಆಗ ಒಂದಕ್ಕೆ ಒಳ್ಳೆಯ ಮನೆ ಹುಡುಕುವುದು ಸರಿಯಾದೀತು.

ದೀಪಾವಳಿಯ ಆ ಮನೆಯಲ್ಲಿ ಗೋಣಿಚೀಲ ಉಪಯೋಗಕ್ಕೆ ಬಂತು, ಬೇರೆ ರೀತಿಯಲ್ಲಿ. ಅದನ್ನು ಸೀಳಿ ಜಾಲರಿ ಬಾಗಿಲಿಗೆ ಪರದೆಯಾಗಿ ತೂಗಿಬಿಟ್ಟು, ಎರಡು ದಿನಕ್ಕೊಮ್ಮೆ ಗೇಣುದ್ದ ಮೇಲಕ್ಕೆ ಮಡಿಸಲಾಯಿತು. ಆರನೆಯ ವಾರ ಪಟ್ಟೆಯದು ಕರಿಯದರ ಕಿವಿ ನೆಕ್ಕಿತು. ಕರಿಯದು ಒಮ್ಮೆ 'ಹುಸ್' ಎಂದಿತು, ಆದರೆ ಎದ್ದುಹೋಗಲಿಲ್ಲ. ಈಗ ಅಲ್ಲಿ ಎರಡು ಬುಟ್ಟಿಗಳಿವೆ, ಅಕ್ಕಪಕ್ಕದಲ್ಲಿ.