ಸದ್ದು ಜಾಸ್ತಿ ಬೇಕು ಅಂದವರು ಯಾರು ಸ್ವಾಮಿ?

ನಂಜನಗೂಡಾಗಲಿ ಟಿ. ನರಸೀಪುರವಾಗಲಿ, ಮದುವೆ, ಹಬ್ಬ, ಮೆರವಣಿಗೆ ಯಾವುದೇ ಮುಗಿಯಲಿ, ಮಾರನೇ ದಿನ ಬೈಸಿಕೊಳ್ಳುವವನು ಒಬ್ಬನೇ. ಅವನು ಸೌಂಡ್ ಸೆಟ್ಟಿನವನು. ಮಗು ಮಲಗಲಿಲ್ಲ, ಮುದುಕರ ಎದೆ ಅದುರಿತು, ಎಸ್ಸೆಸ್ಸೆಲ್ಸಿ ಹುಡುಗಿ ಓದಲಾಗಲಿಲ್ಲ. ದೂರುಗಳೆಲ್ಲ ನ್ಯಾಯವಾದವೇ. ಆದರೆ ಕಾಸು ಕೊಟ್ಟು ಆ ಸದ್ದನ್ನು ತರಿಸಿದವರು ಯಾರು? ಅವರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ.

ಕಂಪನಿ ಬಾಕ್ಸಿನ ಬೆಲೆ ಎಲ್ಲರ ಕೈಗೂ ಎಟುಕುವುದಲ್ಲ. ಹಾಗಾಗಿ ಸ್ಪೀಕರು ಮಾತ್ರ ಕೊಂಡು, ಪೆಟ್ಟಿಗೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಮನೆ ಪಕ್ಕದ ಶೆಡ್ಡೇ ಕಾರ್ಖಾನೆ. ಕಾರು ನಿಲ್ಲಬೇಕಾದ ಜಾಗದಲ್ಲಿ ಪ್ಲೈವುಡ್ ಹಲಗೆ, ಗರಗಸ, ಅಂಟಿನ ಡಬ್ಬ, ವೈರಿನ ಸುರುಳಿ. ಈ ಕೆಲಸವನ್ನು ಹಗುರವಾಗಿ ನೋಡಬಾರದು. ಹಲಗೆ ಕೊಯ್ದು, ಮೂಲೆ ಕೂಡಿಸಿ, ಸಂದಿನಲ್ಲಿ ಗಾಳಿ ಸೋರದ ಹಾಗೆ ಮುಚ್ಚಬೇಕು. ಪೆಟ್ಟಿಗೆಯ ಒಳ ಅಳತೆಯೂ ಗಾಳಿ ಬರುವ ಕಿಂಡಿಯ ಉದ್ದಗಲವೂ ಸ್ಪೀಕರಿಗೆ ತಕ್ಕಂತಿರಬೇಕು. ಈ ಲೆಕ್ಕಾಚಾರಕ್ಕೆ ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ದಾರಿ ಹಾಕಿದರು. ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಲೆಕ್ಕ ತಪ್ಪಿದರೆ ಪೆಟ್ಟಿಗೆ ಗುಂಯ್ ಅನ್ನುತ್ತದೆ, ಮಾತು ತಿಳಿಯುವುದಿಲ್ಲ.

ಕಟ್ಟಿದ ಮೇಲೆ ಪರೀಕ್ಷೆ ಆಗಬೇಕಲ್ಲ? ತಂಟೆ ಶುರುವಾಗುವುದು ಇಲ್ಲೇ. ಬಾಡಿಗೆಗೆ ಕೇಳಲು ಬಂದ ಗಿರಾಕಿ, ‘ಫುಲ್ ಕೊಟ್ಟು ತೋರ್ಸಪ್ಪ, ಎದೆ ಝಲ್ ಅನ್ಬೇಕು’ ಅನ್ನುತ್ತಾನೆ. ಬೀದಿಗೆ ಬೀದಿಯೇ ನಡುಗುತ್ತದೆ. ಸ್ಪೀಕರಿನ ಗುಣ ತಿಳಿಯಲು ಇಷ್ಟೆಲ್ಲ ಬೇಕೇ? 1.5 ವೋಲ್ಟಿನ ಟಾರ್ಚ್ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೆ ಸಾಕು, ಕೋನು ಮುಂದೆ ಬಂತೋ ಹಿಂದೆ ಹೋಯಿತೋ ಕಣ್ಣಿಗೇ ಕಾಣುತ್ತದೆ, ಪ್ಲಸ್ಸು ಮೈನಸ್ಸು ಗೊತ್ತಾಗುತ್ತದೆ. ಮೀಟರು ಹಿಡಿದರೆ ಕಾಯಿಲ್ ಕಡಿದಿದ್ದರೆ ತಿಳಿಯುತ್ತದೆ. ಸಾಧಾರಣ ಸದ್ದಿನಲ್ಲೇ ದಪ್ಪ ಸ್ವರದಿಂದ ತೆಳು ಸ್ವರದವರೆಗೆ ಹತ್ತಿಸುತ್ತ ಹೋದರೆ ಗಿರಗುಟ್ಟುವ ಹಲಗೆ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ.

‘ಬೇಸು ಸಾಲ್ದು’ ಎಂಬ ದೂರಿಗೂ ಎಷ್ಟೋ ಸಲ ವೈರಿಂಗೇ ಕಾರಣ. ಎರಡು ಬಾಕ್ಸುಗಳ ವೈರು ತಿರುವುಮುರುವಾದರೆ ಒಂದರ ಕೋನು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಬೇಸು ಅರ್ಧಕ್ಕರ್ಧ ಕಳೆದುಹೋಗುತ್ತದೆ. ವೈರು ತಿರುಗಿಸುವ ಬದಲು ವಾಲ್ಯೂಮ್ ತಿರುಗಿಸಿದರೆ ಏನು ಬಂತು?

ವ್ಯಾಟಿನ ಭ್ರಮೆ ಬೇರೆ. 500 ವ್ಯಾಟನ್ನು 1000 ಮಾಡಿದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತುಪಟ್ಟು ವ್ಯಾಟ್ ಸುರಿಯಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ಒಂದೇ ಕಡೆ ಬಾಕ್ಸಿನ ಗೋಡೆ ಕಟ್ಟುವುದಕ್ಕಿಂತ ಸಣ್ಣ ಸ್ಪೀಕರುಗಳನ್ನು ಜನರ ಹತ್ತಿರಕ್ಕೆ ಹಂಚಿ ಇಡುವುದೇ ಲೇಸು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವಾಗ ತಪ್ಪಿಸಿಕೊಂಡ ಮಗುವಿನ ಹೆಸರು ಮೈಕಿನಲ್ಲಿ ಕೂಗಿದರೆ ಅದು ತಾಯಿಗೆ ತಿಳಿಯಬೇಕು. ಟಿ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದು ಬಂದಿದೆ, 2025ರ ಫೆಬ್ರುವರಿಯಲ್ಲೂ ನಡೆಯಿತು. ಅಂಥ ಕಡೆ ‘ಮುಂದೆ ಆಳ ಇದೆ, ಇಳೀಬೇಡಿ’ ಎಂಬ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಎಷ್ಟು ಸಾವಿರ ವ್ಯಾಟ್ ಇದ್ದರೇನು?

ಕಾನೂನು ಇಲ್ಲವೇ ಅಂದರೆ, ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ ಸರ್ಕಾರ 12 ಗಂಟೆವರೆಗೆ ಸಡಿಲಿಸಬಹುದು. ವಾಸದ ಬೀದಿಗೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಖಾಸಗಿ ಜಾಗದಲ್ಲಿ ಸೆಟ್ ಹಾಕಿದರೂ ಕಾಂಪೌಂಡಿನ ಅಂಚಿನಲ್ಲಿ ಸದ್ದು ಆ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು. ಅಂದರೆ ಶೆಡ್ಡಿನೊಳಗಿನ ಪರೀಕ್ಷೆಗೂ ಲಗಾಮು ಇದೆ.

ಇಷ್ಟಾಗಿ ಮೊದಲು ಪೆಟ್ಟು ಬೀಳುವುದು ಶೆಡ್ಡಿನ ಹುಡುಗನಿಗೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆಯಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಆ ವೇಳೆ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಬರೀ 15 ನಿಮಿಷ. ಬಾಕ್ಸಿನ ಪಕ್ಕದಲ್ಲೇ ರಾತ್ರಿಯೆಲ್ಲ ಕೂತವನ ಗತಿ ಏನು? ಹೋದ ಕಿವಿ ಮತ್ತೆ ಬರುವುದಿಲ್ಲ. ಪೊಲೀಸರು ಬಂದರೆ ಎತ್ತಿಕೊಂಡು ಹೋಗುವುದೂ ಅವನ ಸೆಟ್ಟನ್ನೇ. ಆಂಪ್ಲಿಫೈಯರನ್ನು ತಾಕತ್ತು ಮೀರಿ ಎಳೆದು ಸ್ಪೀಕರು ಸುಟ್ಟರೆ ಆ ನಷ್ಟವೂ ಅವನದೇ. ‘ಇನ್ನೂ ಕೊಡ್ರೀ’ ಅಂದ ಮಹಾಶಯರು ಅಷ್ಟೊತ್ತಿಗೆ ಊಟ ಮುಗಿಸಿ ಮಲಗಿರುತ್ತಾರೆ.

‘ಆಗಲ್ಲ ಅಂದ್ರೆ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗ್ತಾನೆ’ ಎಂಬುದು ಸೆಟ್ಟಿನವರ ಉತ್ತರ. ಅದೂ ಸುಳ್ಳಲ್ಲ. ಒಬ್ಬನೇ ನಿಂತರೆ ಒಬ್ಬನ ಹೊಟ್ಟೆಗೆ ಹೊಡೆತ. ಎಲ್ಲರೂ ಸೇರಿ ಒಂದು ಕಟ್ಟು ಮಾಡಿಕೊಂಡರೆ ಗಿರಾಕಿ ಎಲ್ಲಿಗೆ ಹೋದಾನು? ನಂಜನಗೂಡಿನ ನಗರಸಭೆ, ನರಸೀಪುರದ ಪುರಸಭೆಗಳೂ ಕೈ ಜೋಡಿಸಬೇಕು. ಮನೆ, ಶಾಲೆ, ಆಸ್ಪತ್ರೆಗಳಿಂದ ದೂರದ ಬಯಲೊಂದನ್ನು ಹಗಲಿನ ಗೊತ್ತಾದ ವೇಳೆಗೆ ಪರೀಕ್ಷೆಗೆಂದು ಬಿಟ್ಟುಕೊಡಲಿ. ಪರವಾನಗಿ ಚೀಟಿಯಲ್ಲಿ ಸೆಟ್ಟಿನವನ ಹೆಸರಿನ ಮೇಲೆ ಬಾಡಿಗೆಗೆ ತಂದವರ ಹೆಸರು ಇರಲಿ. ಮಿತಿ ಮೀರಿದರೆ ಮೊದಲು ಅವರನ್ನೇ ಕರೆಸಿ ವಿಚಾರಿಸಲಿ.

ನಾಲ್ಕು ಜನರಿಗೆ ಮಾತು ಸ್ಪಷ್ಟವಾಗಿ ಮುಟ್ಟಿಸುವುದು ಪೆಟ್ಟಿಗೆ ಕಟ್ಟುವವನ ವಿದ್ಯೆ. ಆ ವಿದ್ಯೆಗೆ ಬೆಲೆ ಕೊಡುವ ಗಿರಾಕಿಗಳು ಹೆಚ್ಚಾದರೆ ಸದ್ದು ತಾನಾಗಿ ಇಳಿಯುತ್ತದೆ.