ರಜೆಯ ಐದು ದಿನ ದ್ವೀಪಕ್ಕೆ ಇರಲಿ

ಕುವೈತ್‌ನ 2010ರ ಕಾರ್ಮಿಕ ಕಾನೂನಿನಲ್ಲಿ ವರ್ಷಕ್ಕೆ 30 ದಿನಗಳ ಸಂಬಳ ಸಹಿತ ರಜೆ ಇದೆ. ಮನೆ ಡ್ರೈವರ್, ಅಡುಗೆಯವರಿಗೆ 2015ರ ಬೇರೆ ಕಾಯ್ದೆ. ಅದರಲ್ಲೂ ವಾರ್ಷಿಕ ರಜೆ ಉಂಟು. ಆ ದಿನಗಳು ಊರಲ್ಲಿ ಹೇಗೆ ಮುಗಿಯುತ್ತವೆ ಅಂತ ನಮಗೆಲ್ಲ ಗೊತ್ತು. ಎರಡು ಮದುವೆ, ಒಂದು ಮನೆ ಒಕ್ಕಲು, ಸೋರುವ ಮಾಡು, ಬ್ಯಾಂಕು, ತಾಲೂಕು ಆಫೀಸು, ತಂದ ಸಾಮಾನು ಹಂಚಲಿಕ್ಕೆ ಮನೆಮನೆ ಸುತ್ತಾಟ. ಮಗು ನಾಚಿಕೆ ಬಿಟ್ಟು ಬಾಪನ ಮಡಿಲಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ಹೊತ್ತು.

ಕುಟುಂಬವನ್ನು ಇಲ್ಲಿಗೇ ಕರೆಸಿದರೆ ಆಯಿತಲ್ಲ ಅಂತ ಹೇಳುವವರಿದ್ದಾರೆ. 2024ರ ಜನವರಿಯಲ್ಲಿ ಫ್ಯಾಮಿಲಿ ವೀಸಾ ಮತ್ತೆ ತೆರೆದಾಗ ಇಟ್ಟ ಸಂಬಳದ ಮಿತಿ 800 ದಿನಾರ್. ನಮ್ಮಲ್ಲಿ ಹೆಚ್ಚಿನವರಿಗೆ ಅದು ದೂರದ ಮಾತು. ಹಾಗಾಗಿ ಹೆಂಡತಿ ಮಕ್ಕಳ ಜೊತೆ ಕಳೆಯುವ ದಿನ ಅಂದರೆ ಊರಿನ ರಜೆಯೇ. ಅದರಲ್ಲಿ ಐದು ದಿನ ಯಾರಿಗೂ ಕೊಡದೆ ಮನೆಯವರಿಗೇ ಇಡಬೇಕು ಅನ್ನೋದು ನಮ್ಮ ಅಭಿಪ್ರಾಯ. ಆ ಐದು ದಿನಕ್ಕೆ ನಾವು ಸೂಚಿಸುವ ಜಾಗ ಲಕ್ಷದ್ವೀಪ.

ಇದು ನಮಗೆ ಹೊರಗಿನ ಊರಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಭಾಗ. ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ನಮ್ಮ ಬಂದರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಈಗಲೂ ಹಳೆ ಬಂದರಿನಿಂದ ಮಂಜಿಗಳಲ್ಲಿ ಸಾಮಾನು ಹೋಗುತ್ತದೆ. ಮಿನಿಕಾಯ್ ಬಿಟ್ಟರೆ ಉಳಿದ ಕಡೆ ಆಡುವುದು ಮಲಯಾಳದ ಒಂದು ರೂಪ. ಬ್ಯಾರಿ ಮಾತಾಡುವವರಿಗೆ ಅರ್ಥವಾಗದೆ ಹೋಗದು. ಊಟ, ನಮಾಜು, ಹೆಂಗಸರ ಉಡುಪು ಯಾವುದಕ್ಕೂ ಮುಜುಗರ ಇಲ್ಲ. ಉಮ್ಮನನ್ನೂ ಧೈರ್ಯವಾಗಿ ಕರಕೊಂಡು ಹೋಗಬಹುದು.

ಇನ್ನು ಹೇಗೆ ಹೋಗೋದು ಅನ್ನುವ ಪ್ರಶ್ನೆ. ಒಟ್ಟು 36 ದ್ವೀಪ, ಜನ ಇರುವುದು 10ರಲ್ಲಿ. ಎಲ್ಲ ನೋಡಿ ಬರಬೇಕು ಅಂತ ಹೊರಟರೆ ಅದು ಇನ್ನೊಂದು ಡ್ಯೂಟಿ. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆಯ 'ಸಮುದ್ರಂ' ಪ್ಯಾಕೇಜಿನಲ್ಲಿ ಐದು ದಿನದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ತೋರಿಸುತ್ತಾರೆ. ಹಗಲು ದಡದಲ್ಲಿ, ರಾತ್ರಿ ಹಡಗಿನಲ್ಲಿ. ಚಂದವೇ. ಆದರೆ ವರ್ಷವಿಡೀ ಗಂಟೆ ನೋಡಿ ದುಡಿಯುವವರಿಗೆ ನಾವು ಹೇಳೋದು: ಒಂದೇ ದ್ವೀಪ ಸಾಕು. ಕಡಮತ್ ನೋಡಿ, ಉದ್ದ ಸುಮಾರು 9 ಕಿಲೋಮೀಟರ್, ಅಗಲ ಅರ್ಧ ಕಿಲೋಮೀಟರಿನ ಆಸುಪಾಸು. ಓಡಿ ನೋಡಲಿಕ್ಕೆ ಏನೂ ಇಲ್ಲ. ಬೆಳಿಗ್ಗೆ ತಿಳಿನೀರಲ್ಲಿ ಮಕ್ಕಳಿಗೆ ಈಜು ಕಲಿಸಿ, ಮಧ್ಯಾಹ್ನ ತೆಂಗಿನ ನೆರಳಲ್ಲಿ ಮಲಗಿ, ಸಂಜೆ ಹೆಂಡತಿ ಹೇಳುವುದನ್ನು ಪೂರ್ತಿ ಕೇಳಿ. ಫೋನಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯದ ಮಾತು ಅವಳ ಹತ್ತಿರ ಬೇಕಾದಷ್ಟು ಉಂಟು.

ತಯಾರಿ ಮಾತ್ರ ಕುವೈತ್‌ನಿಂದಲೇ ಶುರುವಾಗಬೇಕು. ಮೊದಲನೆಯದು ರಜೆಯ ತಿಂಗಳು. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಲ್ಲಿ ಕೆಲಸ ನಿಷೇಧ. ಆ ಬಿಸಿಲು ತಪ್ಪಿಸಲಿಕ್ಕೆ ಅದೇ ಸಮಯ ಊರಿಗೆ ಹೋಗುವವರು ಬಹಳ. ಆದರೆ ಆಗ ಅಲ್ಲಿ ಮಳೆಗಾಲ, ಕಡಲು ಕೆರಳಿರುತ್ತದೆ. ಅಕ್ಟೋಬರ್‌ನ ದಸರಾ ರಜೆಗೆ ಹೊಂದಿಸಿ ಕೇಳಿದರೆ ಮಕ್ಕಳ ಶಾಲೆಯೂ ತಪ್ಪದು, ಕಡಲೂ ತಣ್ಣಗಾಗಿರುತ್ತದೆ.

ಎರಡನೆಯದು ಪರವಾನಗಿ. 1967ರ ನಿಯಮದಂತೆ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು, ಭಾರತೀಯರಾದರೂ ಬೇಕು. ಮನೆಯ ಪ್ರತಿಯೊಬ್ಬರ ಗುರುತಿನ ಚೀಟಿಯಲ್ಲಿ ಹೆಸರು ಒಂದೇ ರೀತಿ ಇದೆಯಾ ಅಂತ ಊರಲ್ಲಿರುವವರು ಈಗಲೇ ನೋಡಿಡಲಿ. ಮೂರನೆಯದು ದಾರಿ. ಕೊಚ್ಚಿಯಿಂದ ಹಡಗಿಗೆ, ದ್ವೀಪ ನೋಡಿಕೊಂಡು, 14ರಿಂದ 18 ಗಂಟೆ. ವಿಮಾನ ಇಳಿಯುವುದು ಅಗತ್ತಿಯಲ್ಲಿ. 2024ರ ಮೇಯಲ್ಲಿ 'ಪರಳಿ' ಎಂಬ ವೇಗದ ಹಡಗು ಸುಮಾರು ಏಳು ಗಂಟೆಯಲ್ಲಿ ಮಂಗಳೂರು ಹಳೆ ಬಂದರು ಮುಟ್ಟಿತು. ಆ ದಾರಿ ಪ್ರವಾಸಿಗರಿಗೂ ಖಾಯಂ ಆಗಬೇಕು ಅಂತ ಊರಿನ ಜನಪ್ರತಿನಿಧಿಗಳನ್ನು ಕೇಳುವುದು ನಮ್ಮ ಹಕ್ಕು.

ದುಡ್ಡಿನ ವಿಷಯ ಮುಚ್ಚಿಡಬಾರದು. ಇದು ಅಗ್ಗದ ಪ್ರವಾಸ ಅಲ್ಲ. ಸಾಲ ಮಾಡಿ ಖಂಡಿತ ಹೋಗಬೇಡಿ. ಆದರೆ ಊರಿಗೆ ಒಯ್ಯುವ ಪೆಟ್ಟಿಗೆಯ ಲೆಕ್ಕ ಒಮ್ಮೆ ಬರೆದು ನೋಡಿ: ಸೆಂಟು, ಹಾಲಿನ ಪುಡಿ, ಚಾಕಲೇಟು, ಕಂಬಳಿ, ಮೇಲೆ ಹೆಚ್ಚುವರಿ ತೂಕದ ಹಣ. ಒಂದು ಸಲ ಪೆಟ್ಟಿಗೆ ಸಣ್ಣದಾದರೆ ಸಂಬಂಧ ಕಡಿಯುವುದಿಲ್ಲ. ತಿಂಗಳಿಗೆ ಐದಾರು ದಿನಾರ್ ಬದಿಗಿಟ್ಟು, ಎರಡು ಮೂರು ವರ್ಷಕ್ಕೊಮ್ಮೆ ಹೋದರೂ ಸಾಕು. ಅದೂ ಆಗದವರು ಅದೇ ಐದು ದಿನ ಉಳ್ಳಾಲದ ಕಡಲ ಬದಿಯಲ್ಲೋ, ಮನೆಯ ಜಗಲಿಯಲ್ಲೋ ಕಳೆಯಲಿ. ದಿನ ಮಾತ್ರ ಬೇರೆಯವರಿಗೆ ಹೋಗದಿರಲಿ.

ಹೋದ ಕಡೆ ಮರ್ಯಾದೆಯಿಂದ ಇರೋಣ. ಹವಳ ಮುರಿಯಬಾರದು, ತರಬಾರದು, ಅದು ಅಪರಾಧ. ಸಮುದ್ರದ ನೀರನ್ನು ಸಿಹಿ ಮಾಡಿ ಕುಡಿಯುವ ದೇಶದಲ್ಲಿದ್ದೇವೆ. ಕವರತ್ತಿಯಲ್ಲೂ 2005ರಿಂದ ಅಂಥ ಸ್ಥಾವರ ಉಂಟು. ಅಲ್ಲಿಯ ನೀರಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ರಜೆ ಅರ್ಜಿ ಕೊಡುವ ಮೊದಲು ಮನೆಗೊಂದು ಫೋನ್ ಮಾಡಿ. 'ಏನು ತರಲಿ?' ಅಂತ ಕೇಳುವುದು ಇದ್ದದ್ದೇ. ಈ ಸಲ 'ಯಾವ ಐದು ದಿನ?' ಅಂತ ಕೇಳಿ. ತಾರೀಕು ಅವರೇ ಹೇಳಲಿ, ಮದುವೆ ಮುಂಜಿಗಳು ಅದರ ಆಚೀಚೆ ಹೊಂದಿಕೊಳ್ಳಲಿ.